ಹೊಸಿಲಿಲ್ಲದ ಮನೆ

ಜುಲೈ ೭, ಶನಿವಾರ

ಮಧ್ಯಾಹ್ನ ತಂತಿ ಬಂತು. ತಂತಿಯವನ ಸೈಕಲ್ಲು ನಮ್ಮ ಗೇಟಿನ ಮುಂದೆ ನಿಂತದ್ದನ್ನು ಕಂಡು ಪಕ್ಕದ ಮನೆಯ ಹನುಮಕ್ಕ ಅಳುವುದಕ್ಕೆ ಸಿದ್ಧಳಾಗಿ ಓಡಿಬಂದಳು. ನಾನೇ ಒಡೆದು ಓದಿದೆ. ಇಂಗ್ಲಿಷ್ ತಂತಿಯನ್ನು ಗಂಡಸರ ಸಹಾಯವಿಲ್ಲದೆ ಓದಬಲ್ಲ ಹೆಂಗಸು ರಾಜಾಜಿನಗರದ ಈ ಬೀದಿಯಲ್ಲಿ ನಾನೊಬ್ಬಳೇ. ಹೈಸ್ಕೂಲು ಕಲಿತದ್ದು ಹಪ್ಪಳ ಒತ್ತುವುದಕ್ಕಲ್ಲ.

ತಂತಿ ಬೊಂಬಾಯಿಯಿಂದ, ನನ್ನ ಮಗ ಚಕ್ರಪಾಣಿಯದು. ತುಂಗಾ ಸೋಮವಾರ ಮಧ್ಯಾಹ್ನ ವಿಮಾನದಲ್ಲಿ ಬರುತ್ತಾಳೆ, ಅರಸೀಕೆರೆಗೆ ಕಳಿಸಿ ಎಂದು.

ತುಂಗಾ ಎಂದರೆ ನನ್ನ ಸೊಸೆ. ವೈಶಾಖದಲ್ಲಿ ಮದುವೆಯಾಗಿ ಗಂಡನ ಜೊತೆ ಬೊಂಬಾಯಿಗೆ ಹೋದವಳು. ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣು ತವರಿನಲ್ಲಿರಬೇಕು, ತಡಮಾಡದೆ ಕಳಿಸು ಎಂದು ಮಗನಿಗೆ ಬರೆದವಳು ನಾನೇ. ಬೊಂಬಾಯಿಯಿಂದ ಬರುವ ರೈಲು ಅವಳ ತವರಾದ ಅರಸೀಕೆರೆಯಲ್ಲೇ ನಿಲ್ಲುತ್ತದೆ. ಈಗ ರೈಲಿನವರು ಮುಷ್ಕರ ಹೂಡಿದ್ದಾರೆ. ವಿಮಾನ ಅರಸೀಕೆರೆಯಲ್ಲಿ ನಿಲ್ಲುವುದಿಲ್ಲವಲ್ಲ, ಅದರ ತಲೆಯ ಮೇಲೇ ಹಾರಿ ಬೆಂಗಳೂರಿಗೆ ಬರುತ್ತದೆ.

ಇದರಲ್ಲಿ ತಮಾಷೆ ಎಂದರೆ ಅವಳ ಅಪ್ಪ ಚನ್ನಕೇಶವಯ್ಯ ರೈಲ್ವೆಯಲ್ಲಿ ಗಾರ್ಡು. ಮುಷ್ಕರ ಹೂಡಿದವರಲ್ಲಿ ಅವರೂ ಒಬ್ಬರು. ಮದುವೆಯಲ್ಲಿ ಬೀಗರ ಔತಣಕ್ಕೆ ಎಲೆ ಹಾಕುವ ಹೊತ್ತಿಗೆ ಡ್ಯೂಟಿ ಎಂದು ನನಗೊಂದು ಮಾತೂ ಹೇಳದೆ ಎದ್ದುಹೋದ ಮನುಷ್ಯ. ಆವತ್ತು ಬಿಡಲಾರದ ರೈಲನ್ನು ಇವತ್ತು ಬಿಟ್ಟು ಕೂತಿದ್ದಾರೆ.

ಅತ್ತಿಗೆ ಅಕ್ಕಯ್ಯಮ್ಮ (ನಮ್ಮವರ ಅಕ್ಕ, ನಮ್ಮವರು ತೀರಿಹೋದ ಮೇಲೆ ಈ ಮನೆಯಲ್ಲಿ ನನಗಿರುವ ಜೊತೆ) ವಿಷಯ ಕೇಳಿ ಬೊಚ್ಚುಬಾಯಲ್ಲಿ ನಕ್ಕರು. "ಸೋಮವಾರವೇ ಆಷಾಢ ಹುಟ್ಟತ್ತೆ ಕಣೇ ವಿಮಲೂ. ಗಂಡನ ಹತ್ರ ಇರಬಾರ್ದು ಅಂತ ಕರೆಸಿ ಅತ್ತೆ ಹತ್ರ ಇಳಿಸ್ಕೊಂಡೆ."

ಇಳಿಸಿಕೊಳ್ಳುವ ಮಾತೇ ಇಲ್ಲ. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ನಮ್ಮತ್ತೆ ಪಾಲಿಸಿದರು, ನಾನು ಪಾಲಿಸಿದೆ. ಏರೋಡ್ರೋಮಿನಿಂದ ನೇರವಾಗಿ ಬಸ್ಸಿಗೆ ಹತ್ತಿಸಿ ಕಳಿಸುತ್ತೇನೆ. ಒಬ್ಬ ಗಾರ್ಡಿನ ಮುಷ್ಕರಕ್ಕೆ ನಮ್ಮ ಮನೆಯ ನಡೆ ಬದಲಾಗುವುದಿಲ್ಲ.

ಜುಲೈ ೯, ಸೋಮವಾರ

ಬರೆಯಲು ಬಹಳವಿದೆ. ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆಯೇ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಅರಸೀಕೆರೆ ಕಡೆಯ ಬಸ್ಸುಗಳಲ್ಲಿ ಸದ್ಯಕ್ಕೆ ಜಾಗವಿಲ್ಲ. ರೈಲಿನಲ್ಲಿ ಹೋಗಬೇಕಾದ ಜನವೆಲ್ಲ ಅಲ್ಲಿ ಗಂಟುಮೂಟೆ ಹಾಸಿ ಮಲಗಿದ್ದರು. ಗಂಡಸರೇ ಬಸ್ಸಿನ ನೆತ್ತಿಯ ಮೇಲೆ ಹತ್ತುತ್ತಿದ್ದರು. ಒಂಟಿ ಹುಡುಗಿಯನ್ನು ಇದರಲ್ಲಿ ಕಳಿಸುವುದು ಸಾಧ್ಯವಿಲ್ಲ ಎಂದು ಅಲ್ಲಿಯೇ ಗೊತ್ತಾಯಿತು. ಮುಂದಿನದು ಮುಂದೆ ಎಂದು ಶಿವಾಜಿನಗರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಏರೋಡ್ರೋಮು ಸೇರಿದೆ.

ಏರೋಡ್ರೋಮಿನ ಕಟ್ಟಡಕ್ಕೆ ದೊಡ್ಡ ಬಾಗಿಲು, ಬಾಗಿಲಿಗೆ ಒಳ್ಳೆಯ ತೇಗದ ಹೊಸಿಲು. ನಾನು ಒಳಗೆ ಹೋಗಲಿಲ್ಲ. ಇಳಿದವರು ಅದೇ ಬಾಗಿಲಿನಿಂದ ಹೊರಗೆ ಬರುವುದು ಎಂದು ಜವಾನ ಹೇಳಿದ. ಹೊಸಿಲು ಸರ್ಕಾರದ್ದಾದರೇನು, ಹೊಸಿಲು ಹೊಸಿಲೇ. ಆಚೆ ಮಳೆಮರದ ಕೆಳಗೆ ನಿಂತೆ.

ವಿಮಾನ ಇಳಿಯಿತು. ಅದರ ಸದ್ದಿಗೆ ನನ್ನ ಸೆರಗು ಹಾರಿತು ಅಷ್ಟೆ, ನಾನು ಅಲುಗಲಿಲ್ಲ. ಜನ ಬಂದರು, ಹೋದರು. ತುಂಗಾ ಬರಲಿಲ್ಲ. ಅವಳು ಒಳಗೇ ನನ್ನನ್ನು ಹುಡುಕುತ್ತಿದ್ದಳಂತೆ. ಒಳಗಿನ ಬೆಂಚುಗಳನ್ನೆಲ್ಲ ನೋಡಿ, ಯಾರೂ ಬಂದಿಲ್ಲವೆಂದು ತಿಳಿದು, ಪಕ್ಕದ ಬಾಗಿಲಿನಿಂದ ವಿಮಾನದವರ ಬಸ್ಸಿಗೆ ಹತ್ತಿ ಕೂತಿದ್ದಾಳೆ. ಆ ಬಸ್ಸು ಊರೊಳಗಿನ ಅವರ ಆಫೀಸಿಗೆ ಹೋಗುತ್ತದೆ. ಅದು ತಿರುಗುವಾಗ ಕಿಟಕಿಯಲ್ಲಿ ಅವಳ ಮುಖ ಕಂಡು ಕೈಯೆತ್ತಿದೆ. ಬಸ್ಸು ನಿಂತಿತು.

"ವಿಮಾನದ ಟಿಕೆಟ್ ಇದ್ದೋರಿಗೆ ಮಾತ್ರಮ್ಮ ಈ ಬಸ್ಸು," ಎಂದ ಕಂಡಕ್ಟರು.

"ಅವಳು ಹೋಗ್ಲಿ. ನಾನು ಬೇರೆ ಬಸ್ಸಲ್ಲಿ ಬರ್ತೀನಿ," ಎಂದೆ. ನನಗೂ ಅದೇ ಬೇಕಿತ್ತು.

ತುಂಗಾ ಟ್ರಂಕು ಎತ್ತಿಕೊಂಡು ಕೆಳಗಿಳಿದುಬಿಟ್ಟಳು.

"ಹತ್ತು. ಹತ್ತು ಅಂದ್ನಲ್ಲ," ಎಂದು ಗದರಿದೆ.

"ನಿಮ್ಮನ್ನ ಇಲ್ಲಿ ಬಿಟ್ಟು ನಾನು ಮೆತ್ತನೆ ಸೀಟಲ್ಲಿ ಕೂತ್ಕೊಂಡು ಹೋಗ್ಲಾ ಅತ್ತೆ? ನಮ್ಮಪ್ಪ ಕೇಳಿದ್ರೆ ಮನೆಗೆ ಸೇರಿಸಲ್ಲ."

ಬಸ್ಸು ಹೋಯಿತು. ಮೊದಲ ಮಾತಿನಲ್ಲೇ ಅತ್ತೆಯ ಮಾತು ಮೀರಿದಳು ಎಂದು ಇಲ್ಲಿ ಬರೆದಿಡುತ್ತೇನೆ.

ರಸ್ತೆಗೆ ಬಂದೆವು. ಕಾರ್ಖಾನೆಯ ಪಾಳಿ ಬಿಟ್ಟಿತ್ತು. ದಿನವೂ ರೈಲಿಗೆ ಹೋಗುವ ಕೆಲಸಗಾರರೂ ಬಸ್ಸಿಗೇ ಮುತ್ತಿದ್ದರಿಂದ ಬಸ್ಸಿನ ಬಾಗಿಲಲ್ಲಿ ಜನ ಜೇನುಹುಳುಗಳಂತೆ ಜೋತಾಡುತ್ತಿದ್ದರು. ಕೊನೆಗೆ ಹಲಸೂರಿನವರೆಗೆ ಬರುತ್ತೇನೆಂದ ಒಂದು ಜಟಕಾ ಸಿಕ್ಕಿತು. ನಾನು ಮುಂದೆ ಜಟಕಾದವನ ಹತ್ತಿರವೂ ಅವಳು ಹಿಂದೆ ಬಾಗಿಲ ಹತ್ತಿರವೂ ದೂರ ದೂರ ಕೂತೆವು.

"ಹಂಗೆ ಕೂತ್ರೆ ಆಗಲ್ಲ ತಾಯಿ," ಎಂದ ಅವನು. "ಹಿಂದೆ ಟ್ರಂಕು, ಹಿಂದೇನೆ ಈ ಹುಡುಗಿ. ಹಿಂದೆ ಭಾರ ಆದ್ರೆ ಕುದುರೆ ಎದ್ದು ನಿಂತ್ಕೊಳತ್ತೆ. ಇಬ್ರೂ ಒತ್ತಿಕೊಂಡು ಮುಂದಕ್ಕೆ ಬನ್ನಿ."

"ಇದು ಆಷಾಢ ಕಣಯ್ಯ. ನಾವು ಅತ್ತೆ ಸೊಸೆ."

ಅವನು ಲಗಾಮಿನ ತುದಿಯಿಂದ ಹತ್ತುವ ಮೆಟ್ಟಿಲು ತೋರಿಸಿದ. "ಒಂದು ಹೊಸಿಲು ದಾಟಬಾರ್ದು ಅಂತ ತಾನೇ? ನನ್ನ ಜಟಕಾಕ್ಕೆ ಪಾವಟಿಗೆ ಇದೆ. ಹೊಸಿಲು ಎಲ್ಲಿದೆ, ತೋರ್ಸಿ."

ಮಾತು ಸರಿಯಾಗಿತ್ತು. ಒಪ್ಪಿದೆ. ತುಂಗಾ ಬಂದು ಪಕ್ಕದಲ್ಲಿ ಕೂತಳು. ಜಟಕಾ ಕುಲುಕಿದಾಗಲೆಲ್ಲ ನನ್ನ ಮೇಲೆ ಬೀಳುತ್ತಿದ್ದಳು. ಮುಖ ಬೆಳ್ಳಗಾಗಿತ್ತು. ವಿಮಾನದಲ್ಲಿ ಹೊಟ್ಟೆ ತೊಳಸಿತ್ತಂತೆ. ದೊಮ್ಮಲೂರಿನ ಹತ್ತಿರ ಜಟಕಾ ನಿಲ್ಲಿಸಿ ವಾಂತಿ ಮಾಡಿದಳು. ಅವಳ ಹಣೆ ಹಿಡಿದುಕೊಂಡೆ. ಹಿಡಿದುಕೊಳ್ಳದೆ ಇರುವುದು ಹೇಗೆ, ನನ್ನ ಸೀರೆಯೂ ಅಲ್ಲಿಯೇ ಇತ್ತು.

ಬಾಯಿ ತೊಳೆದು ಬಂದ ಮೇಲೆ ಕರವಸ್ತ್ರದ ಗಂಟು ಬಿಚ್ಚಿದಳು. ವಿಮಾನದಲ್ಲಿ ಕೊಟ್ಟ ಪೆಪ್ಪರಮೆಂಟು. "ನಿಮಗೆ ಅಂತ ಇಟ್ಟಿದ್ದೆ ಅತ್ತೆ. ಬಾಯಲ್ಲಿಟ್ಕೊಂಡ್ರೆ ಕಿವಿ ಕಟ್ಟಲ್ಲವಂತೆ."

"ಜಟಕಾದಲ್ಲಿ ಕಿವಿ ಯಾಕೆ ಕಟ್ಟತ್ತೆ? ನೀನೇ ತಿನ್ನು," ಎಂದೆ. ಆಮೇಲೆ ಒಂದು ತಿಂದೆ. ಚೆನ್ನಾಗಿತ್ತು.

ಹಲಸೂರಿನಿಂದ ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ ನಿಂತೇ ಬಂದೆವು. ಅಲ್ಲಿಂದ ಏನೂ ಸಿಗಲಿಲ್ಲ. ನಡೆದೆವು. ಟ್ರಂಕಿನ ಒಂದು ಕಿವಿ ಅವಳು, ಒಂದು ಕಿವಿ ನಾನು. ಓಕಳೀಪುರದ ರೈಲು ಸೇತುವೆಯ ಹತ್ತಿರ ಅವಳು ನಿಂತುಬಿಟ್ಟಳು. "ಹಳಿ ನೋಡಿ ಅತ್ತೆ. ಹೊಳಪೇ ಹೋಗಿದೆ. ಗಾಲಿ ಓಡದಿದ್ರೆ ಮಳೆಗೆ ಬೇಗ ಮಂಕಾಗತ್ತೆ." ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮಪ್ಪನ ಕೆಲಸ ಹೋಗಿಬಿಟ್ರೆ?"

ಟ್ರಂಕಿನ ಕಿವಿ ಎತ್ತಿ ಅವಳನ್ನು ಮುಂದಕ್ಕೆ ಹೊರಡಿಸಿದೆ. ಆಗ ನನಗಿದ್ದ ಯೋಚನೆ ಒಂದೇ. ಮನೆ ಹತ್ತಿರವಾಗುತ್ತಿದೆ, ಹೊಸಿಲಿಗೆ ಏನು ಮಾಡಲಿ?

ಗೇಟು ತೆಗೆದ ಕೂಡಲೇ ಹೊಳೆಯಿತು. ಹಿತ್ತಲಿನಲ್ಲಿ ಬಾಡಿಗೆಗೆಂದು ಎರಡು ಕೋಣೆ ಕಟ್ಟಿಸುತ್ತಿದ್ದೇನಷ್ಟೆ. ಮೇಲೆ ಹೆಂಚು ಹಾಕಿಯಾಗಿದೆ. ಬಡಗಿ ದೊಡ್ಡಹನುಮಯ್ಯ ಬಾಗಿಲಿನ ಚೌಕಟ್ಟು ತಡಮಾಡಿದ ಅಂತ ಗಾರೆಯವರು ಜಾಗ ಬಿಟ್ಟು ಗೋಡೆ ಏರಿಸಿಬಿಟ್ಟರು. ಅಷ್ಟರಲ್ಲಿ ಆಷಾಢ ಬಂತು, ಆಷಾಢದಲ್ಲಿ ಬಾಗಿಲು ಇಡುವ ಹಾಗಿಲ್ಲ. ಚೌಕಟ್ಟು ಗೋಡೆಗೆ ಒರಗಿಕೊಂಡಿದೆ. ಹೊಸಿಲು ಅದರಲ್ಲಿದೆ. ಕೋಣೆಗೆ ಹೊಸಿಲಿಲ್ಲ.

ಮನೆಯನ್ನು ಸುತ್ತಿ ಹಿತ್ತಲಿಗೆ ಕರೆದುಕೊಂಡು ಹೋದೆ. ಬಾಗಿಲಿಲ್ಲದ ಕಡೆ ಒಬ್ಬಳೇ ಹೇಗೆ ಮಲಗುತ್ತಾಳೆ? ನನ್ನ ಹಾಸಿಗೆಯನ್ನೂ ಅಲ್ಲಿಗೇ ತರಿಸಿದೆ. ಬಾಗಿಲ ಜಾಗಕ್ಕೆ ಜಮಖಾನ ಕಟ್ಟಿದೆವು.

ಅತ್ತಿಗೆ ಹಿತ್ತಲ ಕಟ್ಟೆಯ ಮೇಲೆ ನಿಂತು ನೋಡಿದರು. "ವಿಮಲೂ, ಕಾಶಿ ಪಂಡಿತರಿಗೂ ಈ ದಾರಿ ಹೊಳೀತಿರ್ಲಿಲ್ಲ ಕಣೇ."

ನನಗೆ ಹೊಳೆಯಿತು. ಶಾಸ್ತ್ರವೂ ಕೆಡಲಿಲ್ಲ, ಹುಡುಗಿಯೂ ಬೀದಿಯಲ್ಲಿ ನಿಲ್ಲಲಿಲ್ಲ.

ಜುಲೈ ೧೦, ಮಂಗಳವಾರ

ಸುಣ್ಣದ ವಾಸನೆಗೆ ತಲೆನೋವು. ನೆಲ ಹಸಿ. ತುಂಗಾ ಮಲಗಿದಲ್ಲಿ ಹೊರಳುವವಳು, ರಾತ್ರಿ ನನ್ನ ಹೊದಿಕೆಯೂ ಅವಳದೇ ಆಯಿತು. ಸಾರಿಗೆ ಹುಣಿಸೆ ಹೆಚ್ಚು ಹಾಕುತ್ತಾಳೆ. ತಿದ್ದಿದ್ದೇನೆ.

ಬೀಗರಿಗೆ ತಂತಿ ಕೊಟ್ಟು ಬಂದೆ: ಮಗಳು ಕ್ಷೇಮ, ನಿಮ್ಮ ರೈಲು ಹೊರಟಾಗ ಬನ್ನಿ.

ಜುಲೈ ೧೩, ಶುಕ್ರವಾರ

ಹಿತ್ತಲಿನಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದ್ದೇವೆ. ಊಟದ ಹೊತ್ತಿಗೆ ಅತ್ತಿಗೆಯೂ ತಟ್ಟೆ ಹಿಡಿದು ಇಲ್ಲಿಗೇ ಬರುತ್ತಾರೆ. ಅಡಿಗೆಮನೆಯಲ್ಲಿ ಒಬ್ಬರೇ ಕೂತು ಉಂಡರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಇಷ್ಟು ವರ್ಷ ಇಳಿಯುತ್ತಿತ್ತು.

ತುಂಗಾ ಬೆಳಿಗ್ಗೆ ಪತ್ರಿಕೆ ಓದಿ ಹೇಳುತ್ತಾಳೆ. ಮುಷ್ಕರದ ಸುದ್ದಿ ಮೊದಲು, ಮಿಕ್ಕಿದ್ದು ಆಮೇಲೆ. ಉಚ್ಚಾರ ಪರವಾಗಿಲ್ಲ. ಗಾರ್ಡುಗಳು ಏನು ಕೇಳುತ್ತಿದ್ದಾರೆ ಎಂದು ವಿಚಾರಿಸಿದೆ. ಒಂದು ಗಾಡಿಯಿಂದ ಇಳಿದವರನ್ನು ನಿದ್ರೆಗೂ ಬಿಡದೆ ಇನ್ನೊಂದಕ್ಕೆ ಹತ್ತಿಸುತ್ತಾರಂತೆ, ಅದು ನಿಲ್ಲಬೇಕಂತೆ. "ನಮ್ಮಪ್ಪ ಊಟಕ್ಕೆ ಕೂತಾಗಲೇ ಡ್ಯೂಟಿಗೆ ಕರೆಯೋನು ಬರ್ತಾನೆ ಅತ್ತೆ. ಅಮ್ಮ ಅವರ ತಟ್ಟೆಗೆ ಮೊದಲು ಮೊಸರನ್ನ ಬಡಿಸ್ತಾಳೆ, ಸಾರು ಆಮೇಲೆ. ಯಾವಾಗ ಏಳ್ತಾರೋ ಗೊತ್ತಿಲ್ಲವಲ್ಲ."

ಕೇಳಿದೆ. ಅದಕ್ಕೆಂದು ಮದುವೆಯ ಔತಣದಿಂದ ಎದ್ದುಹೋದದ್ದು ಸರಿಯಾಗುವುದಿಲ್ಲ. ಆದರೆ ಮೊಸರನ್ನ ಮೊದಲು ಬಡಿಸುವುದು ಎಂಥ ಸಂಸಾರ ಎಂದು ಮಧ್ಯಾಹ್ನವೆಲ್ಲ ಅನ್ನಿಸುತ್ತಿತ್ತು.

ಸಂಜೆ ಚೌಕಾಬಾರ ಆಡಿದೆವು. ಅವಳು ಗೆದ್ದಳು. ಕವಡೆ ಎಸೆಯುವಾಗ ಮಣಿಕಟ್ಟು ತಿರುಗಿಸುತ್ತಾಳೆ. ನಾಳೆ ಗಮನವಿಟ್ಟು ನೋಡಬೇಕು.

ಜುಲೈ ೧೪, ಶನಿವಾರ

ಮತ್ತೆ ಅವಳೇ ಗೆದ್ದಳು. ಮೋಸವಿಲ್ಲ.

ಜುಲೈ ೧೬, ಸೋಮವಾರ

ಹನುಮಕ್ಕ ಬೇಲಿಯ ಆಚೆ ನಿಂತು, ನಾಲ್ಕು ಜನ ಕೇಳುವ ಹಾಗೆ, "ಏನ್ ವಿಮಲಮ್ಮನೋರೆ, ಊರ ಜನಕ್ಕೆ ತೊಂದ್ರೆ ಕೊಟ್ಟು ನಿಮ್ಮ ಬೀಗರು ರೈಲು ನಿಲ್ಸಿದ್ದಾರಂತೆ?" ಎಂದಳು. ತುಂಗಾ ಒಲೆಯ ಮುಂದೆ ತಲೆ ತಗ್ಗಿಸಿದಳು.

"ಹೌದು," ಎಂದೆ. "ನಮ್ಮ ಬೀಗರು ಕೆಲಸ ನಿಲ್ಸಿದ್ರೆ ರೈಲು ನಿಲ್ಲತ್ತೆ. ನಿಮ್ಮ ಬೀಗರು ನಿಲ್ಸಿದ್ರೆ ಏನು ನಿಲ್ಲತ್ತೆ ಹನುಮಕ್ಕ?"

ಅವಳ ಬೀಗರು ಪಿಂಚಣಿ ತೆಗೆದುಕೊಂಡು ಜಗಲಿಯ ಮೇಲೆ ಕೂತವರು. ಹನುಮಕ್ಕ ಸೆರಗು ಕೊಡವಿ ಒಳಗೆ ಹೋದಳು. ಅತ್ತಿಗೆ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು. ನಾನು ಹೇಳಿದ್ದು ಮನೆಯ ಮರ್ಯಾದೆಗೆ. ಗಾರ್ಡಿನ ಪರವಾಗಿ ಅಲ್ಲ.

ರಾಗಿಹಿಟ್ಟು ಮುಗಿದಿದೆ. ನಾಳೆ ಬೀಸಿಸಬೇಕು.

ಜುಲೈ ೧೮, ಬುಧವಾರ

ಮಳೆ. ಜಮಖಾನ ತೊಯ್ದು ಎರಚಲು ಒಳಗೆ ಬಂತು. ಅತ್ತಿಗೆ ದೊಡ್ಡ ಮನೆಯಿಂದ ಕೂಗಿದರು: "ಸಾಕು ನಿನ್ನ ಹಟ. ಇಬ್ರೂ ಒಳಗೆ ಬನ್ನಿ. ಹೊಸಿಲಿಗೆ ನಾನು ಚಾಪೆ ಮುಚ್ತೀನಿ."

ಚಾಪೆ ಮುಚ್ಚಿದರೆ ಹೊಸಿಲು ಇಲ್ಲದಂತಾಗುತ್ತದೆಯೆ? ಹೋಗಲಿಲ್ಲ. ಟ್ರಂಕನ್ನು ಬಾಗಿಲ ಜಾಗಕ್ಕೆ ಅಡ್ಡ ಇಟ್ಟು ಒಂದು ಮೂಲೆಯಲ್ಲಿ ಒಂದೇ ಕಂಬಳಿ ಹೊದ್ದು ಕೂತೆವು. ತುಂಗಾ ಅವಳ ಅಪ್ಪನ ಹಾಗೆ ಬಾಯಲ್ಲಿ ಸೀಟಿ ಊದಿ, ಒಂದೊಂದೇ ಸ್ಟೇಷನ್ನಿನ ಹೆಸರು ಕೂಗುತ್ತ ಅರಸೀಕೆರೆಯವರೆಗೆ ಹೋದಳು. ತಿಪಟೂರಿನಲ್ಲಿ ಎಳನೀರು ಮಾರುವವಳ ದನಿಯನ್ನೂ ಮಾಡಿದಳು. ನನಗೆ ನಗು ಬಂತು. ಬಹಳ ದಿನದ ಮೇಲೆ ಹೊಟ್ಟೆ ನೋಯುವಷ್ಟು.

"ಅತ್ತೆ, ನಿಮಗೆ ನನ್ನ ಕಂಡ್ರೆ ಆಗಲ್ಲ ಅಂತ ಅಂದ್ಕೊಂಡಿದ್ದೆ."

"ಕಂಡ್ರೆ ಆಗದೇ ಇರೋಕೆ ನೀನೇನು ಮಾಡಿದೀಯ? ಹುಣಿಸೆಹಣ್ಣು ಒಂದು ಕಡಿಮೆ ಹಾಕು."

ಜುಲೈ ೨೧, ಶನಿವಾರ

ಬೆಳಗಿನ ಜಾವ ಯಶವಂತಪುರದ ಕಡೆಯಿಂದ ರೈಲಿನ ಕೂಗು. ತುಂಗಾ ಹಾಸಿಗೆಯಿಂದ ಎದ್ದು ಜಮಖಾನ ಸರಿಸಿ ಅಂಗಳಕ್ಕೆ ಓಡಿದಳು. "ಗಾಡಿ ಅತ್ತೆ. ಗಾಡಿ ಬಿಟ್ರು. ಪ್ಯಾಸೆಂಜರ್ ಇರಬೇಕು." ನನ್ನ ಕೈ ಹಿಡಿದು ಕುಣಿಸಿದಳು. ಪತ್ರಿಕೆಯಲ್ಲಿ ಬಂದಿದೆ, ಮುಷ್ಕರ ಮುಗಿದಿದೆ. ಮಾತುಕತೆಯಾಗಿ ಗಾರ್ಡುಗಳು ಕೇಳಿದ್ದರಲ್ಲಿ ಮುಖ್ಯವಾದುದನ್ನು ಒಪ್ಪಿದ್ದಾರೆ. ಯಾರ ಕೆಲಸವೂ ಹೋಗುವುದಿಲ್ಲ.

ಒಳ್ಳೆಯದಾಯಿತು. ಎಲ್ಲರಿಗೂ ಅನುಕೂಲ.

ಚಪಾತಿ ಮಾಡೋಣ ಎಂದಿದ್ದೆ. ಮಾಡಲಿಲ್ಲ.

ಜುಲೈ ೨೨, ಭಾನುವಾರ

ಬೀಗರು ಬಂದರು. ಗಾರ್ಡಿನ ಬಿಳಿಯ ಉಡುಪಿನಲ್ಲೇ ಇದ್ದರು. ರೈಲು ತಂದವರೂ ಅವರೇ, ಸಂಜೆ ಕೊಂಡೊಯ್ಯುವವರೂ ಅವರೇ. ಹಿತ್ತಲಿಗೆ ಬಂದು ಬಾಗಿಲಿಲ್ಲದ ಕೋಣೆ, ಮೂರು ಕಲ್ಲಿನ ಒಲೆ, ಜೋಡಿಸಿಟ್ಟ ಎರಡು ಹಾಸಿಗೆ ನೋಡಿದರು. ತುಂಗಾ ಎಲ್ಲ ಹೇಳಿದಳು. ಅವರು ಟೋಪಿ ತೆಗೆದರು.

"ನನ್ನಿಂದ ನಿಮಗೆ ಬಹಳ ತೊಂದ್ರೆ ಆಯ್ತು. ಇವಳನ್ನ ಈಗಲೇ ಕರ್ಕೊಂಡು ಹೊರಡ್ತೀನಿ."

"ಮದುವೆ ಔತಣದ ಊಟ ನಿಮಗೆ ಬಾಕಿ ಇದೆ," ಎಂದೆ. "ಕೂತ್ಕೊಳ್ಳಿ."

ಅವರು ಗಡಿಯಾರ ನೋಡಿದರು.

"ಗಡಿಯಾರ ಜೇಬಲ್ಲಿಡಿ. ಇಡೀ ರೈಲ್ವೆ ನಿಲ್ಸಿದೋರಿಗೆ ಒಂದು ಊಟ ಮುಗಿಸೋ ಹೊತ್ತಿಲ್ವೆ?"

ತುಂಗಾ ಬಾಯಿಗೆ ಸೆರಗು ಹಿಡಿದುಕೊಂಡಳು. ಎಲೆ ಹಾಕಿ ನಾನೇ ಬಡಿಸಿದೆ. ಕೋಸಂಬರಿ, ಪಲ್ಯ, ಸಾರು, ಹೋಳಿಗೆ, ಕ್ರಮವಾಗಿ. ಮೊಸರನ್ನ ಕಡೆಗೆ. ಅವರು ನಿಧಾನವಾಗಿ ಉಂಡರು. ಡ್ಯೂಟಿಗೆ ಕರೆಯುವವರು ಯಾರೂ ಬರಲಿಲ್ಲ. ಎದ್ದಾಗ ಕಣ್ಣು ತೇವವಾದಂತಿತ್ತು. ಒಗ್ಗರಣೆಗೆ ಮೆಣಸಿನಕಾಯಿ ಹೆಚ್ಚಾಗಿತ್ತೋ ಏನೋ.

ಹನುಮಕ್ಕನನ್ನು ಕರೆಸಿ ತುಂಗಾಗೆ ಕುಂಕುಮ ಕೊಡಿಸಿದೆ. ಅತ್ತಿಗೆ ಪೆಟ್ಟಿಗೆಯಿಂದ ಹಸಿರು ರವಿಕೆಕಣ ತೆಗೆದುಕೊಟ್ಟರು.

"ಅತ್ತೆ, ಸಂಜೆ ಗಾಡಿ ನಿಮ್ಮ ಬಡಾವಣೆ ಪಕ್ಕದಲ್ಲೇ ಹೋಗತ್ತೆ. ಅಪ್ಪ ಹಸಿರು ಬಾವುಟ ಹಿಡೀತಾರೆ, ನಾನು ಈ ಕಣ ಹಿಡೀತೀನಿ. ಹಳಿ ಹತ್ರ ಬಂದು ನಿಂತ್ಕೊಳ್ಳಿ."

"ನನಗೆ ಬೇರೆ ಕೆಲಸ ಇಲ್ವೆ?" ಎಂದೆ.

ಸಂಜೆ ಹಳಿಯ ಆಚೆ ಒಳ್ಳೆಯ ದಂಟಿನ ಸೊಪ್ಪು ಬರುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಆ ಕಡೆ ಹೋಗಿದ್ದೆ. ಅತ್ತಿಗೆಯೂ ಕೋಲೂರಿಕೊಂಡು ಹಿಂದೆಯೇ ಬಂದರು. ಗಾಡಿ ಹೋಯಿತು. ಎರಡು ಹಸಿರೂ ಕಂಡವು.

ಸೊಪ್ಪು ಸಿಗಲಿಲ್ಲ.

ಜುಲೈ ೨೪, ಮಂಗಳವಾರ

ಹಾಸಿಗೆಯನ್ನು ದೊಡ್ಡ ಮನೆಗೆ ತರಿಸಲು ಅತ್ತಿಗೆ ಹೇಳಿದರು. ಒಳಗೆ ಸೆಖೆ. ಇನ್ನೆರಡು ದಿನ ಹಿತ್ತಲಲ್ಲೇ ಇರುತ್ತೇನೆ ಎಂದೆ.

ಸಾರಿಗೆ ಹುಣಿಸೆ ಸ್ವಲ್ಪ ಹೆಚ್ಚಾಗಿ ಹಾಕಿದೆ. ಅಷ್ಟೇನೂ ಕೆಟ್ಟದಾಗಿಲ್ಲ.

ಆಗಸ್ಟ್ ೮, ಬುಧವಾರ

ಶ್ರಾವಣ ಬಂತು. ಬೆಳಿಗ್ಗೆಯೇ ದೊಡ್ಡಹನುಮಯ್ಯ ಉಳಿ, ಕೊಡತಿ ತೆಗೆದುಕೊಂಡು ಬಂದ. ಹಿತ್ತಲ ಕೋಣೆಗೆ ಬಾಗಿಲು ಇಡುವುದಕ್ಕೆ ಪಂಚಾಂಗದಲ್ಲಿ ಶುಕ್ರವಾರ ಒಳ್ಳೆಯ ಗಳಿಗೆ ಇದೆ. ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚುವುದು ಮುತ್ತೈದೆಯ ಕೈಯಿಂದ ಆಗಬೇಕು. ನಾನಾಗಲಿ ಅತ್ತಿಗೆಯಾಗಲಿ ಹಚ್ಚುವ ಹಾಗಿಲ್ಲ. ಹನುಮಕ್ಕ ತಾನೇ ಬರುತ್ತೇನೆಂದು ಬೇಲಿಯ ಆಚೆಯಿಂದ ಹೇಳಿದಳು. ಪಾಪ, ಬೀಗರ ಮೇಲೆ ನಾನಂದ ಮಾತು ಮರೆತಿದ್ದಾಳೆ.

ಚೌಕಟ್ಟಿನ ಹತ್ತಿರ ಹೋಗಿ ಹೊಸಿಲಿನ ಮೇಲೆ ಕೈಯಾಡಿಸಿದೆ. "ಶುಕ್ರವಾರ ಬೇಡ ಕಣಯ್ಯ. ಮರ ಇನ್ನೂ ಹಸಿ," ಎಂದೆ.

ಅವನು ಬೆರಳು ಮಡಚಿ ತಟ್ಟಿ ನೋಡಿದ. ಠಣ್ ಎಂದಿತು. "ಏನವ್ವ ಹಿಂಗಂತೀರ? ಮೂರು ವರ್ಷ ಒಣಗಿರೋ ಹೊನ್ನೆ ಮರ."

"ಹಸಿ ಅಂದ್ನಲ್ಲ."

ಅವನು ಅತ್ತಿಗೆಯ ಮುಖ ನೋಡಿದ. ಅತ್ತಿಗೆ, "ಹೋಗ್ಲಿ ಬಿಡಪ್ಪ. ಅರಸೀಕೆರೆಗೆ ಕಾಗದ ಹೋಗಿ ಗಾಡಿ ಬರೋ ಹೊತ್ತಿಗೆ ಒಣಗತ್ತೆ," ಎಂದರು.

ಕಾಗದವನ್ನು ನಿನ್ನೆಯೇ ಹಾಕಿದ್ದೇನೆ. ಅದು ಅವರಿಗೆ ಹೇಗೆ ತಿಳಿಯಿತೋ.